ಎರವಲು ತಂದ ಎದೆ

ಕಲ್ಲಿಗೆ ಪಾಲಿಶ್ ಹಾಕುವ ಆ ಕಾರ್ಖಾನೆಯಲ್ಲಿ ಬೆಂಕಿಪೊಟ್ಟಣ, ಕೊಡೆ ಎರವಲು ಕೊಟ್ಟ ಹಾಗೆ ಎದೆಯನ್ನೂ ಎರವಲು ಕೊಡುತ್ತಿದ್ದರು. ನಗಬೇಡಿ, ನಿಜ. ವರ್ಷಕ್ಕೊಮ್ಮೆ ಎದೆಯ ಸ್ಕ್ಯಾನ್ ಮಾಡುವ ಬಸ್ಸು ಗೇಟಿನೊಳಗೆ ಬಂದು ನಿಲ್ಲುತ್ತಿತ್ತು. ಯಾರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತಿದೆಯೋ ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಿದ್ದರು. ಅದಕ್ಕೇ ಕೆಮ್ಮು ಹತ್ತಿದವರು ತಮ್ಮನನ್ನೋ ಭಾವಮೈದುನನನ್ನೋ ಕರೆತಂದು, ಮೂಗಿಗೆ ಮಾಸ್ಕ್ ಕಟ್ಟಿ, ಕೊರಳಿಗೆ ತಮ್ಮ ಗುರುತಿನ ಕಾರ್ಡು ಹಾಕಿ ಬಸ್ಸು ಹತ್ತಿಸುತ್ತಿದ್ದರು. ಮುಖದ ತುಂಬ ಬಿಳಿ ಧೂಳು ಬಳಿದರೆ ಮುಗಿಯಿತು, ಹೆತ್ತ ತಾಯಿಗೂ ಗುರುತು ಹತ್ತುತ್ತಿರಲಿಲ್ಲ.

ನಮ್ಮ ಪಾಲಿಶ್ ಅಣ್ಣನಿಗೂ ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತಿತ್ತು. ಕೆಲಸ ಹೋದರೆ ಮಗಳ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅವನಿಗೊಬ್ಬ ತಮ್ಮ. ಮನೆ ಬದಲಾಯಿಸುವವರ ಸಾಮಾನು ಹೊರುವವನು, ಬೀರುವನ್ನು ಬೆನ್ನಿಗೇರಿಸಿ ಮಹಡಿ ಹತ್ತುವವನು. ಎಲ್ಲರ ಬಾಯಲ್ಲೂ ಅವನ ಹೆಸರು ಗೂಳಿ.

"ನನ್ನೆದೆ ತಾನೆ? ತಗೊಂಡ್ಹೋಗಣ್ಣ. ವಾಪಸ್ ಕೊಡೋಕೆ ಅವಸರ ಏನಿಲ್ಲ" ಎಂದು ನಗುತ್ತಲೇ ಬಸ್ಸು ಹತ್ತಿದ್ದ ಗೂಳಿ.

ವಾರ ಕಳೆದ ಮೇಲೆ ಡಾಕ್ಟರಮ್ಮ ಅಣ್ಣನನ್ನು ಕಾರ್ಖಾನೆಯ ಚಿಕಿತ್ಸೆ ಕೋಣೆಗೆ ಕರೆಸಿದರು. ಬಾಗಿಲಲ್ಲಿ ಸೂಪರ್‌ವೈಸರ್ ಟೀ ಹೀರುತ್ತ ನಿಂತಿದ್ದ.

"ಶ್ವಾಸಕೋಶ ಚೊಕ್ಕವಾಗಿದೆ" ಎಂದರು ಡಾಕ್ಟರಮ್ಮ. ಅಣ್ಣನಿಗೆ ಹೋದ ಜೀವ ಬಂದಂತಾಯಿತು. "ಆದ್ರೆ ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಒಂದು ಕಡೆ ಬಲೂನಿನ ಥರ ಉಬ್ಬಿದೆ. ನೋವೇನೂ ಗೊತ್ತಾಗಿರಲ್ಲ. ಬೇಗ ಆಪರೇಷನ್ ಆದ್ರೆ ಉಳೀತೀರಿ. ಅಲ್ಲೀವರೆಗೂ ಭಾರ ಎತ್ತಲೇಬೇಡಿ. ಅದೇನಾದ್ರೂ ಒಡೆದ್ರೆ ಆಸ್ಪತ್ರೆ ಮುಟ್ಟೋಕೂ ಪುರುಸೊತ್ತು ಕೊಡಲ್ಲ."

ಬಾಯಿ ಬಿಟ್ಟರೆ ಅನ್ನ ಹೋಗುತ್ತದೆ, ಬಿಡದಿದ್ದರೆ ತಮ್ಮ! ಅಯ್ಯೋ, ಇದರಲ್ಲಿ ಯೋಚನೆ ಮಾಡುವುದೇನಿತ್ತು? ಆದರೂ ಆ ಪಾಪಿ ಒಂದು ಗಳಿಗೆ ಸೂಪರ್‌ವೈಸರನ ಮುಖ ನೋಡಿದ.

"ಮೇಡಂ, ಅದು ನನ್ನೆದೆ ಅಲ್ಲ. ನನ್ನ ತಮ್ಮಂದು."

ಸೂಪರ್‌ವೈಸರ್ ಏನೋ ಕೂಗಾಡಿದ. ಅಣ್ಣನ ಕಿವಿಗೆ ಅದು ಬೀಳಲಿಲ್ಲ, ಆಗಲೇ ತಮ್ಮನಿಗೆ ಫೋನು ಹಚ್ಚಿದ್ದ. ತಮ್ಮನ ಹೆಂಡತಿ ಎತ್ತಿಕೊಂಡಳು.

"ಭಾವ, ಅವರು ಫೋನ್ ಮನೇಲೇ ಮರೆತು ಹೋಗಿದಾರೆ. ಮಾರ್ಕೆಟ್ ಹಿಂದಿನ ಹೊಸ ಫ್ಲಾಟಲ್ಲಿ ಕೆಲಸ. ಲಿಫ್ಟ್ ಕೆಟ್ಟಿದೆಯಂತೆ, ಮೂರನೇ ಮಹಡೀಗೆ ಎಲ್ಲಾ ಹೊತ್ತೇ ಸಾಗಿಸ್ಬೇಕು ಅಂತ ಬೈಕೊಂಡು ಹೋದ್ರು. ಯಾಕೆ ಭಾವ?"

ಅಣ್ಣ ಫೋನು ಇಟ್ಟವನೇ ಗೇಟು ದಾಟಿದ. ಆಟೋ ಹತ್ತಿದ. ದಾರಿಯುದ್ದಕ್ಕೂ ತನ್ನನ್ನು ತಾನೇ ಶಪಿಸಿಕೊಂಡ. ಫ್ಲಾಟಿನ ಮುಂದೆ ಲಾರಿ ಅರ್ಧ ಖಾಲಿಯಾಗಿತ್ತು. ಮೇಲಿನಿಂದ ಗೂಳಿಯ ದನಿ ಕೇಳಿಸಿತು: "ಹುಷಾರು, ಗೋಡೆಗೆ ತಾಗೀತು!"

ಬದುಕಿದ್ದಾನೆ! ಅಣ್ಣ ಮೆಟ್ಟಿಲು ಹತ್ತತೊಡಗಿದ. ಮೊದಲ ಮಹಡಿಗೇ ಎದೆ ಬಿಗಿಯಿತು. ಎರಡನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ಕತ್ತಲೆಗಟ್ಟಿತು. ಕೂಗಲು ಬಾಯಿ ತೆರೆದರೆ ಬರೀ ಕೆಮ್ಮು, ನಿಲ್ಲದ ಕೆಮ್ಮು. ಗೋಡೆ ಹಿಡಿದು ಕುಸಿದ.

ಆ ಕೆಮ್ಮು ಗೂಳಿಗೆ ಗೊತ್ತಿಲ್ಲದ್ದೇ? ಹೊತ್ತಿದ್ದನ್ನು ಅಲ್ಲೇ ಇಳಿಸಿ ಎರಡೆರಡು ಮೆಟ್ಟಿಲು ಹಾರಿ ಬಂದ.

"ಅಣ್ಣಾ! ಇಲ್ಲಿಗ್ಯಾಕೆ ಬಂದೆ? ತುಟಿಯೆಲ್ಲಾ ನೀಲಿ ಆಗಿದೆಯಲ್ಲೋ! ನಡಿ ಆಸ್ಪತ್ರೆಗೆ."

ಬೇಡ ಎಂದು ಅಣ್ಣ ಕೈಯಾಡಿಸಿದ. ತಮ್ಮನ ಎದೆ ಮುಟ್ಟಿ ತೋರಿಸಿದ. ಅವನಿಗೆ ಅರ್ಥವಾಗಲಿಲ್ಲ. ಬಗ್ಗಿದವನೇ ಅಣ್ಣನನ್ನು ಎರಡೂ ಕೈಯಲ್ಲಿ ಬಾಚಿ ಹೆಗಲಿಗೆ ಹಾಕಿಕೊಂಡ.

ಇಳಿಸೋ, ಇಳಿಸೋ ಎನ್ನಬೇಕು ಅಣ್ಣನಿಗೆ. ದನಿಯೇ ಹೊರಡದು. ಮುಷ್ಟಿಯಿಂದ ತಮ್ಮನ ಬೆನ್ನಿಗೆ ಗುದ್ದಿದ, ಅತ್ತ, ಮತ್ತೆ ಗುದ್ದಿದ.

"ಸುಮ್ನಿರಣ್ಣ" ಎಂದ ಗೂಳಿ, ಮೆಟ್ಟಿಲು ಇಳಿಯುತ್ತ. "ನೀನೇನು ಭಾರಾನಾ?"