ಮಾಲೂರು ಗೇಟಿನಲ್ಲಿ ನಿಂತ ಇದ್ದಿಲು ಕಾರು

ಯುದ್ಧ ಶುರುವಾಗಿ ಪೆಟ್ರೋಲು ಕೂಪನ್ನಿನ ಮೇಲೆ ಸಿಗುವಂತಾದಾಗ ನನ್ನ ಭಾವ ತಮ್ಮ ಕಾರಿಗೆ ಇದ್ದಿಲಿನ ಡಬ್ಬ ಕೂರಿಸಿಕೊಂಡರು. ಅವರದು ಮುಳಬಾಗಿಲಿನಲ್ಲಿ ಹುಣಸೇಹಣ್ಣಿನ ವ್ಯಾಪಾರ. ಹೂ ಬಿಡುವ ಕಾಲಕ್ಕೇ ಊರೂರು ತಿರುಗಿ ಮರಗಳನ್ನು ಗುತ್ತಿಗೆ ಹಿಡಿಯಬೇಕು. ಕೂಪನ್ನಿನ ಪೆಟ್ರೋಲಿನಲ್ಲಿ ಅದು ಆಗುವ ಕೆಲಸವಲ್ಲ. ಕಾರನ್ನು ಬೆಂಗಳೂರಿನ ಗ್ಯಾರೇಜೊಂದಕ್ಕೆ ಕೊಟ್ಟು ಬಂದರು. ಮೂರು ವಾರದ ಮೇಲೆ ಅದು ಬೇರೆಯೇ ಗಾಡಿಯಾಗಿ ವಾಪಸು ಬಂತು.

ಹಿಂದೆ ಸಾಮಾನು ಇಡುವ ಪೆಟ್ಟಿಗೆ ಇದ್ದ ಜಾಗದಲ್ಲಿ ಎದೆಯೆತ್ತರದ ಕಬ್ಬಿಣದ ಡಬ್ಬ ನಿಂತಿತ್ತು. ಅದರ ಬಾಯಿಗೆ ಇದ್ದಿಲು ಸುರಿದು ಬುಡದಲ್ಲಿ ಬೆಂಕಿ ಹೊತ್ತಿಸಬೇಕು. ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ಪಂಖ ಗಾಳಿ ಊದುತ್ತದೆ. ಕಾಲು ಗಂಟೆ ಊದಿದ ಮೇಲೆ ಸಣ್ಣ ನಲ್ಲಿಯೊಂದನ್ನು ತೆರೆದು ಬೆಂಕಿಕಡ್ಡಿ ಹಿಡಿಯುವುದು. ನೀಲಿ ಉರಿ ಬಂದರೆ ಗ್ಯಾಸು ತಯಾರು. ಆ ಗ್ಯಾಸು ಒಂದು ಕೊಳವೆಯಲ್ಲಿ ಹಿಂದಿನ ಸೀಟಿನ ಅಡಿಯಿಂದ ಹಾದು ಮುಂದಿನ ಇಂಜಿನ್ನಿಗೆ ಹೋಗುತ್ತಿತ್ತು. ಏರು ಬಂದರೆ ಕೂತವರೆಲ್ಲ ಇಳಿದು ತಳ್ಳಬೇಕು. ಇಳಿದವರ ಪಂಚೆಯ ಮೇಲೆ ಮಸಿ.

ಕೊಳವೆಯ ಕೀಲುಗಳಿಗೂ ಡಬ್ಬದ ಮುಚ್ಚಳಕ್ಕೂ ಬೆಂಗಳೂರಿನವರು ಕಲ್ನಾರಿನ ಹಗ್ಗ ಸುತ್ತಿ ಕೊಟ್ಟಿದ್ದರು. ಅದು ಕಾವಿಗೆ ಕಾದು ಕಾದು ಆರು ತಿಂಗಳಿಗೆ ಪುಡಿಯಾಯಿತು. ಬೇರೆ ಹಗ್ಗ ಎಲ್ಲೂ ಸಿಗಲಿಲ್ಲ. ಭಾವ ಜೇಡಿಮಣ್ಣು, ಸಗಣಿ, ರಾಗಿಹುಲ್ಲಿನ ಬೂದಿ ಕಲಸಿ ಮೆತ್ತಿದರು. ನಮ್ಮ ಕಡೆ ರಾಗಿ ತುಂಬಿಡುವ ನೆಲದ ಹಗೇವಿನ ಬಾಯಿಯನ್ನು ಮುಚ್ಚುವುದು ಇದೇ ಗಾರೆಯಿಂದ. ವರ್ಷಗಟ್ಟಲೆ ಒಂದು ಹುಳು ಒಳಗೆ ಹೋಗುವುದಿಲ್ಲ.

"ಬೆಂಗಳೂರಿನ ಮೇಸ್ತ್ರಿಗೇನು ಗೊತ್ತು? ನಮ್ಮ ತಾತನ ಕಾಲದ ಗಾರೆ ಇದು," ಎಂದರು.

ಹಗೇವು ಇರುವುದು ಒಂದೇ ಜಾಗದಲ್ಲಿ, ನೆಲದೊಳಗೆ. ಕಾರು ಕಲ್ಲುರಸ್ತೆಯಲ್ಲಿ ಕುಲುಕುತ್ತ ಓಡುತ್ತದೆ. ಒಣಗಿದ ಮಣ್ಣು ಬಿರುಕು ಬಿಡುತ್ತದೆ. ಇದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ ಎಂದು ಬರೆದರೆ ತಪ್ಪಾಗುತ್ತದೆ. ಬಿರುಕು ಕಣ್ಣಿಗೆ ಕಾಣುತ್ತಿತ್ತು. ಭಾವ ವಾರಕ್ಕೊಮ್ಮೆ ಮತ್ತೆ ಮೆತ್ತುತ್ತಿದ್ದರು.

ಆ ಚಳಿಗಾಲದೊಳಗೆ ಕೆಲವು ಸಂಗತಿಗಳು ನಡೆದವು. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದ್ದರಿಂದ ಯಾವುದೂ ದೊಡ್ಡದೆನಿಸಲಿಲ್ಲ. ಕಾರಿನಲ್ಲಿ ದೂರ ಹೋಗಿ ಬಂದ ದಿನ ಭಾವನಿಗೆ ತಲೆನೋವು, ಬಿಸಿಲು ಎಂದರು. ಹಿಂದಿನ ಸೀಟಿನಲ್ಲಿ ಕೂತು ಬಂದ ವ್ಯಾಪಾರಿಯೊಬ್ಬ ಇಳಿದವನೇ ವಾಂತಿ ಮಾಡಿಕೊಂಡ, ಪಿತ್ತ ಎಂದರು. ತಾಯಲೂರಿನಿಂದ ಹಬ್ಬಕ್ಕೆಂದು ತಂದ ನಾಲ್ಕು ಕೋಳಿಗಳ ಬುಟ್ಟಿಯನ್ನು ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದರು. ಮನೆಗೆ ಬಂದು ನೋಡಿದರೆ ನಾಲ್ಕೂ ಸತ್ತಿದ್ದವು. ಸೆಕೆ ಎಂದರು. ಪುಷ್ಯಮಾಸದಲ್ಲಿ ಸೆಕೆ.

ನಾನಾಗ ಕೋಲಾರದಲ್ಲಿದ್ದುಕೊಂಡು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಜಿಲ್ಲೆಯ ಸುದ್ದಿ ಕಳಿಸುತ್ತಿದ್ದೆ. ಅದೇ ದಿನಗಳಲ್ಲಿ ಟೇಕಲ್ ಹತ್ತಿರದ ಹಳ್ಳಿಯೊಂದರಲ್ಲಿ ಹಗೇವಿಗೆ ಇಳಿದ ರೈತನೊಬ್ಬ ಉಸಿರುಕಟ್ಟಿ ಸತ್ತ. ನಾನು ಹೋಗಿ ನೋಡಿ ಬರೆದೆ. ಹಳ್ಳಿಯ ಹಿರಿಯರು ಹೇಳಿದ್ದನ್ನು ಕೊನೆಯ ಸಾಲಾಗಿ ಸೇರಿಸಿದೆ: ಹಗೇವು ತೆರೆದ ಕೂಡಲೇ ಇಳಿಯಬಾರದು, ಮೊದಲು ಒಂದು ದೀಪ ಇಳಿಬಿಡಬೇಕು, ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಉರಿಯುತ್ತಿದ್ದರೆ ಭಯವಿಲ್ಲ. ಭಾವ ಆ ಪತ್ರಿಕೆಯನ್ನು ಅಂಗಡಿಯಲ್ಲಿ ಕೂತವರಿಗೆಲ್ಲ ಓದಿ ಹೇಳಿದ್ದರಂತೆ.

ಅಕ್ಕ ಬಾಣಂತನಕ್ಕೆ ಮಾಸ್ತಿಯ ಪಕ್ಕದ ನಮ್ಮ ಊರಿಗೆ ಬಂದಿದ್ದಳು. ಹೆಣ್ಣು ಮಗು. ಮೂರು ತಿಂಗಳು ತುಂಬಿದ ಮೇಲೆ ಗಂಡನ ಮನೆಗೆ ಕಳಿಸಲು ದಿನ ನೋಡಿದರು. ಕರೆದೊಯ್ಯಲು ಭಾವ ಕಾರು ತಂದರು. ಮಾಸ್ತಿಯಿಂದ ಮಾಲೂರು, ಅಲ್ಲಿಂದ ಕೋಲಾರ, ಆಮೇಲೆ ಮುಳಬಾಗಿಲು. ಎತ್ತಿನ ಗಾಡಿಯಲ್ಲಾದರೆ ಎರಡು ದಿನ. ಕಾರಿನಲ್ಲಿ ಸಂಜೆಯೊಳಗೆ ಮುಟ್ಟಬಹುದು. ಜೊತೆಗೆ ದೊಡ್ಡಮ್ಮ ಹೊರಟಳು. ಅವಳು ನನ್ನ ತಾಯಿಯ ಅಕ್ಕ. ನಮ್ಮ ಮನೆಯ ಬಾಣಂತನಗಳೆಲ್ಲ ಅವಳ ಕೈಯಲ್ಲೇ ಆದವು. ನಾನು ಕೋಲಾರದವರೆಗೆ ಹೋಗುವವನು, ಮುಂದಿನ ಸೀಟಿನಲ್ಲಿ.

ಬಾಣಂತಿಗೆ ಗಾಳಿ ಸೋಕಬಾರದು. ದೊಡ್ಡಮ್ಮ ಆ ವಿಷಯದಲ್ಲಿ ಯಾರ ಮಾತನ್ನೂ ಕೇಳುವವಳಲ್ಲ. ಕಾರಿನ ಕಿಟಕಿಗಳ ಗಾಜು ಏರಿಸಿ, ಗಾಜಿನ ಮೇಲೆ ಕರಿಕಂಬಳಿ ಕಟ್ಟಿಸಿದಳು. ಬಾಗಿಲ ಸಂದುಗಳಿಗೆ ಹಳೇ ಸೀರೆಯ ಚೂರು ತುರುಕಿದಳು. ನಮಗೂ ಹಿಂದಿನ ಸೀಟಿಗೂ ನಡುವೆ ದಪ್ಪ ಜಮಖಾನ ಇಳಿಬಿಟ್ಟಳು.

"ಅಳಿಯಂದ್ರೇ, ಇನ್ನೊಂದು ಕಂಬಳಿ ಇದೆಯಾ?"

"ಅತ್ತೇ, ಇದು ಕಾರೋ ಕೋಳಿಗೂಡೋ? ಅವಳಿಗೆ ಉಸಿರಾಡೋಕೂ ಜಾಗ ಬಿಡ್ತೀರೋ ಇಲ್ವೋ?"

"ನೀವು ಗಂಡಸರು ಸುಮ್ನಿರಿ. ನಾಳೆ ಶೀತ ಆಗಿ ಸನ್ನಿ ಹಿಡಿದ್ರೆ ನಿಮ್ಮ ಕಾರು ಬಂದು ಕಷಾಯ ಕಾಸುತ್ತಾ?"

ಅಕ್ಕನಿಗೆ ನಗು. ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಮಫ್ಲರು. "ಲೋ, ನನ್ನನ್ನೂ ಹಗೇವಿಗೆ ತುಂಬ್ತಾ ಇದಾಳೆ ಕಣೋ," ಎಂದಳು.

ಅವಳು ಹಾಗೆ ಹೇಳಿದ್ದಕ್ಕೋ ಏನೋ, ನನಗೆ ಒಂದು ಅನುಮಾನ ಬಂತು. ಭಾವನನ್ನು ಪಕ್ಕಕ್ಕೆ ಕರೆದು ಕೇಳಿದೆ. "ಭಾವ, ಡಬ್ಬದ ಗಾಳಿ ಒಳಗೆ ಬಂದ್ರೆ? ಎಲ್ಲಾ ಕಡೆ ಮುಚ್ಚಿಬಿಟ್ಟಿದೀವಿ."

"ಏನಯ್ಯಾ ಪೇಪರಿನವನೇ, ನೀನೇ ಬರೆದಿದ್ದೀಯಲ್ಲ, ದೀಪ ಇಡಿ ಅಂತ. ಇಡೋಣ. ಆರಿದ್ರೆ ನಿಲ್ಲಿಸೋಣ."

ಅದು ಸರಿಯಾದ ಮಾತು ಎನಿಸಿತು. ಕೆಟ್ಟ ಗಾಳಿ ತಳಕ್ಕೆ ಇಳಿಯುತ್ತದೆ ಎಂದು ಲಾಟೀನನ್ನು ನಾನೇ ಹೊತ್ತಿಸಿ ಹಿಂದಿನ ಸೀಟಿನ ಮುಂದೆ, ಅವರ ಕಾಲ ಹತ್ತಿರ ಇಟ್ಟೆ. ದೊಡ್ಡಮ್ಮನಿಗೂ ಸಮಾಧಾನವಾಯಿತು. ಹಸುಗೂಸು ಇರುವಲ್ಲಿ ದೀಪ ಇದ್ದರೆ ಒಳ್ಳೆಯದೇ. ಅಕ್ಕನನ್ನು ಸೀಟಿನ ನಡುವೆ ಕೂರಿಸಿದಳು. ಅಡಿಯಲ್ಲಿ ಕೊಳವೆ ಹಾಯುವುದರಿಂದ ಅಲ್ಲಿ ಬೆಚ್ಚಗಿತ್ತು. ತಾನು ಬಾಗಿಲ ಪಕ್ಕ ಕೂತಳು.

ಮಾಲೂರಿನವರೆಗೆ ಏನೂ ಆಗಲಿಲ್ಲ. ಮಗು ಎರಡು ಸಲ ಅತ್ತಿತು. ದೊಡ್ಡಮ್ಮ ಜಮಖಾನದ ಹಿಂದಿನಿಂದ ನಮ್ಮ ಊರಿನವರ ಮದುವೆ, ಜಗಳ, ಜಮೀನು ಎಲ್ಲವನ್ನೂ ಹೇಳುತ್ತಲೇ ಇದ್ದಳು. ರೈಲ್ವೆ ಗೇಟು ಮುಚ್ಚಿತ್ತು.

ಆಗ ಆ ಹಳಿಯ ಮೇಲೆ ಮಿಲಿಟರಿ ರೈಲುಗಳು ಹೆಚ್ಚು. ಯಾವುದು ಯಾವಾಗ ಬರುತ್ತದೆಂದು ಯಾರಿಗೂ ಹೇಳುತ್ತಿರಲಿಲ್ಲ. ಗೇಟಿನವನು ವಯಸ್ಸಾದವನು, ತೆಲುಗಿನವನು. ಎಷ್ಟು ಹೊತ್ತಾಗುತ್ತದೆ ಎಂದರೆ ಎರಡು ಕೈ ಮೇಲೆತ್ತಿದ. ಭಾವ ಇಂಜಿನ್ ನಿಲ್ಲಿಸಿದರು. ಆದರೆ ಡಬ್ಬದ ಬೆಂಕಿಯನ್ನು ಆರಲು ಬಿಡುವಂತಿಲ್ಲ. ಆರಿದರೆ ಮತ್ತೆ ಮೊದಲಿನಿಂದ ಎಲ್ಲ ಕೆಲಸ. ಪಂಖ ತಿರುಗಿಸುತ್ತಿರಬೇಕು.

"ನೀನು ಸ್ವಲ್ಪ ತಿರುಗಿಸು. ಆಮೇಲೆ ನಾನು," ಎಂದರು ಭಾವ.

ನಾನು ಹಿಂದೆ ಹೋಗಿ ಹಿಡಿಕೆ ಹಿಡಿದೆ.

ಇಂಜಿನ್ ಓಡುವಾಗ ಅದು ಕೊಳವೆಯಿಂದ ಗ್ಯಾಸನ್ನು ಎಳೆದುಕೊಳ್ಳುತ್ತದೆ. ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಗ್ಯಾಸು ಹೊರಗೆ ಬರುವುದು ಕಡಿಮೆ. ಇಂಜಿನ್ ನಿಲ್ಲಿಸಿ ಪಂಖ ಊದಿದರೆ ಎಲ್ಲ ತಿರುಗುಮುರುಗು. ಗ್ಯಾಸು ಒತ್ತಡಕ್ಕೆ ಸಿಕ್ಕಿ ಎಲ್ಲೆಲ್ಲಿ ಬಿರುಕಿದೆಯೋ ಅಲ್ಲೆಲ್ಲ ನುಗ್ಗುತ್ತದೆ. ಇದನ್ನು ನಾನು ತಿಳಿದುಕೊಂಡದ್ದು ಆಮೇಲೆ. ಆಗ ತಿಳಿದಿದ್ದು ಇಷ್ಟೇ: ಹಿಡಿಕೆ ಬಿಗಿಯಾಗಿತ್ತು, ತೋಳು ನೋಯುತ್ತಿತ್ತು, ಚೆನ್ನಾಗಿ ತಿರುಗಿಸಬೇಕೆಂದು ನಾನು ಚೆನ್ನಾಗಿಯೇ ತಿರುಗಿಸಿದೆ.

ಒಂದು ರೈಲು ಹೋಯಿತು. ಗೇಟು ತೆರೆಯಲಿಲ್ಲ. ಹಿಂದೆ ಎರಡು ಎತ್ತಿನ ಗಾಡಿಗಳು ಬಂದು ನಿಂತವು. ಭಾವ ಬಂದು ಹಿಡಿಕೆ ತೆಗೆದುಕೊಂಡರು, ಮತ್ತೆ ನನಗೆ ಕೊಟ್ಟರು. ನನ್ನ ಗಡಿಯಾರದಲ್ಲಿ ಅರ್ಧ ಗಂಟೆಯ ಮೇಲಾಗಿತ್ತು. ಗೇಟಿನವನು ಬೀಡಿ ಸೇದುತ್ತ ಕಾರಿನ ಸುತ್ತ ಒಂದು ಸುತ್ತು ಬಂದು ಕಂಬಳಿಗಳನ್ನು ನೋಡಿದ.

"ಲೋಪಲ ಎವರೂ ಲೇರಾ?" ಒಳಗೆ ಯಾರೂ ಇಲ್ಲವಾ ಎಂದು ಅವನ ಪ್ರಶ್ನೆ.

"ಆಡೋಳ್ಳು ಉನ್ನಾರು," ಎಂದೆ. ಹೆಂಗಸರಿದ್ದಾರೆ.

"ಮಾಟ ಲೇದೇ?" ಮಾತಿಲ್ಲವಲ್ಲ ಎಂದ.

ಆಗ ಗಮನಿಸಿದೆ. ದೊಡ್ಡಮ್ಮನ ಮಾತು ನಿಂತಿತ್ತು. ಯಾವಾಗ ನಿಂತಿತು ಎಂದು ನನಗೆ ಗೊತ್ತಿರಲಿಲ್ಲ.

ಮುಂದಿನ ಬಾಗಿಲಿನಿಂದ ಬಗ್ಗಿ ಜಮಖಾನದ ಅಂಚು ಎತ್ತಿದೆ. ಲಾಟೀನು ಉರಿಯುತ್ತಿತ್ತು. ಕುಡಿ ಅಲುಗಾಡದೆ ನೆಟ್ಟಗೆ ನಿಂತಿತ್ತು. ಅಕ್ಕ ಸೀಟಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದ್ದಳು. ಕೆನ್ನೆ ಕೆಂಪಗಿತ್ತು. ಮಗು ಮಡಿಲಲ್ಲಿ. ದೊಡ್ಡಮ್ಮನ ಬಾಯಿ ಅರ್ಧ ತೆರೆದಿತ್ತು. ಯಾವ ವಾಸನೆಯೂ ಇರಲಿಲ್ಲ, ಸ್ವಲ್ಪ ಸೀಮೆಎಣ್ಣೆ ಮತ್ತು ಸಾಂಬ್ರಾಣಿ ಬಿಟ್ಟರೆ.

"ಏನಾಯ್ತು?" ಭಾವ ಹಿಂದಿನಿಂದ ಕೇಳಿದರು.

"ಮಲಗಿದಾರೆ."

"ದೀಪ?"

"ಉರೀತಿದೆ."

"ಮತ್ತೆ ಮುಚ್ಚಯ್ಯ. ಗಾಳಿ ಹೋಗುತ್ತೆ. ಆಮೇಲೆ ನಿಮ್ಮ ದೊಡ್ಡಮ್ಮ ನನ್ನನ್ನ ಉಳಿಸಲ್ಲ."

ನಾನು ಜಮಖಾನ ಇಳಿಸಿದೆ. ಅಂಚನ್ನು ಸರಿಯಾಗಿ ಸೀಟಿನ ಸಂದಿಗೆ ಸಿಕ್ಕಿಸಿದೆ. ಹಿಂದೆ ಹೋಗಿ ಮತ್ತೆ ಹಿಡಿಕೆ ತಿರುಗಿಸತೊಡಗಿದೆ. ಇಷ್ಟನ್ನೂ ನಾನು ಮಾಡಿದೆ. ಹತ್ತು ನಿಮಿಷ ಇರಬಹುದು. ಆ ಹೊತ್ತು ನಾನು ಗಡಿಯಾರ ನೋಡಲಿಲ್ಲ.

ಎರಡನೇ ರೈಲು ಬಂತು. ಸಿಪಾಯಿಗಳಿದ್ದ ಉದ್ದನೆಯ ರೈಲು. ನೆಲ ನಡುಗಿತು. ಕಾರಿನೊಳಗೆ ಏನೋ ಗಾಜಿಗೆ ಬಡಿದ ಸದ್ದಾಯಿತು. ರೈಲು ದಾಟಿದ ಮೇಲೂ ಒಳಗಿನಿಂದ ಮಗುವಿನ ದನಿ ಬರಲಿಲ್ಲ. ಅಷ್ಟು ಸದ್ದಿಗೆ ಎತ್ತುಗಳು ಬೆದರಿದ್ದವು. ಮೂರು ತಿಂಗಳ ಕೂಸು ಎಚ್ಚರವಾಗಿರಲಿಲ್ಲ.

ಹಿಡಿಕೆ ಬಿಟ್ಟು ಓಡಿ ಬಾಗಿಲು ಎಳೆದೆ. ತುರುಕಿದ್ದ ಬಟ್ಟೆಯಿಂದ ಅದು ಕಚ್ಚಿಕೊಂಡಿತ್ತು. ಎರಡನೇ ಸಲಕ್ಕೆ ತೆರೆಯಿತು. ದೊಡ್ಡಮ್ಮ ನನ್ನ ಮೇಲೆ ಬಿದ್ದಳು. ಗಾಜಿಗೆ ಬಡಿದದ್ದು ಅವಳ ತಲೆ. ಗೇಟಿನವನು ಬೀಡಿ ಬಿಸಾಡಿ ಬಂದು ಮಗುವನ್ನು ಎತ್ತಿಕೊಂಡ. ಭಾವ ಅಕ್ಕನನ್ನು ಎಳೆದರು. ಅವಳ ಕೈಗಳು ಜೋತು ಬಿದ್ದಿದ್ದವು. ಮೂವರನ್ನೂ ಹಳಿಯ ಪಕ್ಕದ ಬಯಲಿನಲ್ಲಿ ಮಲಗಿಸಿದೆವು. ಅಲ್ಲಿ ಗಾಳಿ ಜೋರಾಗಿತ್ತು, ಥಂಡಿಯಾಗಿತ್ತು. ನಾನು ಅಕ್ಕನ ತಲೆಯ ಮಫ್ಲರು ಬಿಚ್ಚಿ ಎಸೆದೆ.

ಮೊದಲು ಎದ್ದವಳು ದೊಡ್ಡಮ್ಮ. ವಾಂತಿ ಮಾಡಿಕೊಂಡು, ಕಣ್ಣು ಬಿಡುವ ಮೊದಲೇ, "ಬಾಗಿಲು ಹಾಕ್ರೋ" ಎಂದಳು. ಗೇಟಿನವನು ಮಗುವನ್ನು ಬೋರಲಾಗಿ ಕೈಮೇಲೆ ಹಾಕಿಕೊಂಡು ಬೆನ್ನು ಉಜ್ಜುತ್ತಿದ್ದ. ತೆಲುಗಿನಲ್ಲಿ ಅದನ್ನು ಬಯ್ಯುತ್ತಿದ್ದ, ಏಳೇ ಮುಂಡೇದೇ, ಏಳೇ ಎಂದು. ಅದು ಒಂದು ಸಲ ಬಿಕ್ಕಿತು. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಸಣ್ಣಗೆ ಅತ್ತಿತು.

ಅಕ್ಕ ಏಳಲಿಲ್ಲ. ಉಸಿರಿತ್ತು. ಹಿಂದೆ ನಿಂತಿದ್ದ ಎತ್ತಿನ ಗಾಡಿಯಲ್ಲಿ ಅವಳನ್ನು ಹಾಕಿಕೊಂಡು ಮಾಲೂರಿನ ಆಸ್ಪತ್ರೆಗೆ ಹೋದೆವು. ಕಾರು ಗೇಟಿನಲ್ಲೇ ನಿಂತಿತು, ನಾಲ್ಕು ಬಾಗಿಲೂ ತೆರೆದುಕೊಂಡು.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ದೀಪದ ವಿಷಯ ಹೇಳಿದ್ದು ನಾನೇ.

"ಹಗೇವಿನಲ್ಲಿ ದೀಪ ಆರೋದು ಅಲ್ಲಿ ಉರಿಯೋದಕ್ಕೆ ಬೇಕಾದ ಗಾಳಿ ಇರೋದಿಲ್ಲ, ಅದಕ್ಕೆ," ಎಂದರು. "ಇದು ಇದ್ದಿಲಿನ ವಿಷ. ಆಳನ್ನು ಕೆಡವೋವಷ್ಟು ಇದ್ರೂ ಇದು ದೀಪವನ್ನು ಮುಟ್ಟೋದಿಲ್ಲ. ನೆತ್ತರಿಗೆ ಸೇರುತ್ತೆ. ಆ ದೀಪ ಇಲ್ಲದೇ ಇದ್ದಿದ್ರೆ ನೀವು ಮೊದಲನೇ ಸಲ ಜಮಖಾನ ಎತ್ತಿದಾಗ್ಲೇ ಅವರನ್ನ ಈಚೆಗೆ ತೆಗೀತಿದ್ರಿ."

ಭಾವ ನನ್ನ ಕಡೆ ನೋಡಲಿಲ್ಲ. ಅಂಗಳದಲ್ಲಿ ಹೋಗಿ ಕೂತರು. ಅಕ್ಕ ಎದ್ದರೂ ಹೇಗೆ ಎದ್ದಾಳು ಎಂದು ಹೇಳಲಾರೆ ಎಂದು ಡಾಕ್ಟರು ನನ್ನೊಬ್ಬನಿಗೆ ಹೇಳಿದರು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ದೊಡ್ಡಮ್ಮ ಮಗುವಿಗೆ ಬತ್ತಿಯಲ್ಲಿ ಹಸುವಿನ ಹಾಲು ಹೀರಿಸುತ್ತ ಆಸ್ಪತ್ರೆಯ ಜಗಲಿಯಲ್ಲಿದ್ದಳು. ಅವಳ ತಲೆಯ ಮೇಲೆ ಗಾಜು ತಗಲಿದ ಕಡೆ ಊದಿಕೊಂಡಿತ್ತು. ಬಾಗಿಲು ತೆರೆದಾಗ ಬಿದ್ದ ಗಾಳಿಯಿಂದಲೇ ಬಾಣಂತಿಗೆ ಹೀಗಾಯಿತೆಂದು ಅವಳು ದಾದಿಗೆ ಹೇಳುತ್ತಿದ್ದಳು. ನಾನು ತಿದ್ದಲು ಹೋಗಲಿಲ್ಲ.

ಹೊತ್ತು ಇಳಿಯುವಾಗ ಅಕ್ಕ ಕಣ್ಣು ಬಿಟ್ಟಳು. ಛಾವಣಿ ನೋಡಿದಳು. ನೀರು ಕೇಳಿದಳು. ನನ್ನ ಹೆಸರು ಹಿಡಿದು ಕರೆದಳು. ಭಾವನನ್ನು ಕಂಡು ಸೆರಗು ಸರಿಮಾಡಿಕೊಂಡಳು. ನಮಗೆ ಜೀವ ಬಂದಂತಾಯಿತು. ದೊಡ್ಡಮ್ಮ ಮಗುವನ್ನು ತಂದು ಪಕ್ಕದಲ್ಲಿ ಮಲಗಿಸಿದಳು. ಅದು ಅಳುತ್ತಿತ್ತು.

ಅಕ್ಕ ತಲೆ ತಿರುಗಿಸಿ ಅದನ್ನು ತುಂಬ ಹೊತ್ತು ನೋಡಿದಳು. ಆಮೇಲೆ ದೊಡ್ಡಮ್ಮನನ್ನು ಕೇಳಿದಳು:

"ಯಾರ ಮಗು ದೊಡ್ಡಮ್ಮಾ? ಪಾಪ, ಹಸಿದಿದೆ. ಅದರ ತಾಯಿ ಎಲ್ಲಿ?"

ಭಾವ ಬಾಗಿಲಿಗೆ ಕೈಕೊಟ್ಟು ನಿಂತುಬಿಟ್ಟರು. ದೊಡ್ಡಮ್ಮ ಮಾತ್ರ, ದಿನವೂ ಹೇಳುವ ಮಾತಿನಂತೆ, "ನೀನೇ ಕುಡಿಸಮ್ಮ, ಪುಣ್ಯ ಬರುತ್ತೆ," ಎಂದಳು.

ಅಕ್ಕ ಮಗ್ಗುಲಾಗಿ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದು ಬಾಯಿ ಹಾಕಿತು. ಗಂಡಸರಾದ ನಾವು ಹೊರಗೆ ಬಂದೆವು. ವಾರದೊಳಗೆ ಅವಳು ಮಗುವಿನ ಹೆಸರು ಹಿಡಿದು ಕರೆಯತೊಡಗಿದಳು. ನೆನಪು ಬಂತೋ, ನಾವು ಕರೆಯುವುದನ್ನು ಕೇಳಿ ಕಲಿತಳೋ, ನಾನು ಇವತ್ತಿನವರೆಗೆ ಕೇಳಿಲ್ಲ.