ಎರಡು ಲೋಟ ಐಸ್‌ಕ್ಯಾಂಡಿ

ಮಕ್ಕಳೇ, ನಾನು ಚಿಕ್ಕವನಿದ್ದಾಗ ಶ್ರೀನಿವಾಸಪುರದ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಫ್ರಿಜ್. ಅದು ಎದುರು ಮನೆಯ ಅಜ್ಜಿಯದು. ಅಜ್ಜಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ, ಊಟಕ್ಕೆ ಮುಂಚೆ, ಇಂಜೆಕ್ಷನ್ ಚುಚ್ಚಿಕೊಳ್ಳಬೇಕಿತ್ತು. ಆ ಔಷಧಿ ಕೆಡದಿರಲೆಂದೇ ಫ್ರಿಜ್ ತಂದಿದ್ದರು. ಆದರೆ ಬೀದಿಯವರು ಬಿಟ್ಟಾರೆಯೇ? ಒಬ್ಬರ ದೋಸೆ ಹಿಟ್ಟು, ಇನ್ನೊಬ್ಬರ ಮಲ್ಲಿಗೆ ಹೂವು, ಮತ್ತೊಬ್ಬರ ಹಾಲು, ಎಲ್ಲವೂ ಅಲ್ಲೇ.

ಆಗಿನ ಫ್ರಿಜ್ಜಿಗೆ ಬೀಗವಿರುತ್ತಿತ್ತು. ಅದರ ಬೀಗದ ಕೈ ಅಜ್ಜಿಯ ಸೆರಗಿನ ತುದಿಯಲ್ಲಿ. ಗಂಟು ಬಿಚ್ಚಿ ಅವರು ಅದನ್ನು ಕೊಡುತ್ತಿದ್ದದ್ದು ಇಡೀ ಬೀದಿಯಲ್ಲಿ ಒಬ್ಬಳಿಗೆ ಮಾತ್ರ, ನಮ್ಮ ಅಕ್ಕನಿಗೆ. ಅಕ್ಕನಿಗೆ ಹನ್ನೆರಡು, ನನಗೆ ಎಂಟು. ಬೀಗದ ಕೈ ಹಿಡಿದು ಅವಳು ನಡೆಯುವುದನ್ನು ನೋಡಬೇಕಿತ್ತು, ತಹಸೀಲ್ದಾರರೂ ಹಾಗೆ ನಡೆಯುತ್ತಿರಲಿಲ್ಲ. ನನಗೋ ಹೊಟ್ಟೆಯುರಿ.

ಬೇಸಿಗೆ ರಜೆಯಲ್ಲಿ ಒಂದು ದಿನ ಅಕ್ಕ ಐಸ್‌ಕ್ಯಾಂಡಿ ಮಾಡೋಣ ಎಂದಳು. ಹುಲ್ಲಿನಲ್ಲಿಟ್ಟು ಮಾಗಿಸಿದ ಮಾವಿನ ವಾಸನೆ ಊರಿನ ತುಂಬ ಹರಡಿದ್ದ ಕಾಲ. ನಾಲ್ಕು ರಸಪುರಿ ಹಣ್ಣು ಹಿಂಡಿ, ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿ ಹಾಕಿ, ಎರಡು ಸ್ಟೀಲ್ ಲೋಟಕ್ಕೆ ಸುರಿದೆವು. ಓಟೆ ಚೀಪುವ ಕೆಲಸ ನನ್ನದು, ಮೊಣಕೈವರೆಗೂ ಹಳದಿಯಾಗಿದ್ದೆ. ತೆಂಗಿನ ಪೊರಕೆಯಿಂದ ಹೊಸ ಕಡ್ಡಿ ಎಳೆದು, ತೊಳೆದು, ಮೂರು ಮೂರು ಸೇರಿಸಿ ದಾರ ಸುತ್ತಿದೆವು. ಕಡ್ಡಿ ಒಂದು ಕಡೆಗೆ ವಾಲುತ್ತಿತ್ತು. ಅಕ್ಕ ಲೋಟದ ಬಾಯಿಗೆ ಬಾಳೆಲೆ ಕಟ್ಟಿ, ನಡುವೆ ತೂತು ಮಾಡಿ ನೆಟ್ಟಗೆ ನಿಲ್ಲಿಸಿದಳು.

ಲೋಟಗಳನ್ನು ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟು ಅಕ್ಕ ಬೀದಿ ನಲ್ಲಿಗೆ ನೀರು ಹಿಡಿಯಲು ಹೋದಳು. "ಸುಮ್ಸುಮ್ನೆ ಬಾಗ್ಲು ತೆಗೀಬೇಡ ಕಣೋ" ಎಂದು ಹೇಳಿಯೇ ಹೋದಳು. ಬೀಗದ ಕೈ ಫ್ರಿಜ್ಜಿನ ಬೀಗದಲ್ಲೇ ಇತ್ತು, ಅಜ್ಜಿ ಚಾಪೆಯ ಮೇಲೆ ನಿದ್ದೆ ಮಾಡುತ್ತಿದ್ದರು. ನಾನು ಬಾಗಿಲು ತೆಗೆದೆ.

ಬಾಗಿಲ ಪಕ್ಕದಲ್ಲಿ ಔಷಧಿಯ ಪುಟ್ಟ ಬಾಟಲಿ ಕಂಡಿತು. ದಿನಾ ಮಧ್ಯಾಹ್ನ ಕರೆಂಟು ಹೋಗುವ ಹೊತ್ತು ಅದು. ಔಷಧಿ ತಣ್ಣಗಿರಬೇಕು ಎಂದು ಅಜ್ಜಿ ಯಾವಾಗಲೂ ಹೇಳುತ್ತಿದ್ದರಲ್ಲ, ಐಸ್ ಪೆಟ್ಟಿಗೆಗಿಂತ ತಣ್ಣಗಿನ ಜಾಗ ಬೇರೆ ಯಾವುದಿದೆ? ಬಾಟಲಿಯನ್ನು ಲೋಟಗಳ ನಡುವೆ ತುರುಕಿದೆ. ಅಜ್ಜಿ ನನ್ನ ಜಾಣತನ ಮೆಚ್ಚಿ ಬೀಗದ ಕೈಯನ್ನು ಇನ್ನು ನನಗೇ ಕೊಡುತ್ತಾರೆ ಎಂದುಕೊಂಡೆ.

ಅವತ್ತು ಕರೆಂಟು ಹೋಗಲೇ ಇಲ್ಲ.

ಸಂಜೆ ಅಜ್ಜಿ ಬಾಟಲಿ ಹುಡುಕಿದರು. ಸಿಕ್ಕಾಗ ಅದು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಹೆಪ್ಪುಗಟ್ಟಿದ್ದನ್ನು ಚುಚ್ಚಿಕೊಳ್ಳಲೇಬಾರದು ಎಂದು ಡಾಕ್ಟರ್ ಹೇಳಿದ್ದರಂತೆ.

"ಅಯ್ಯೋ ದೇವುಡಾ! ಬೀಗದ ಕೈ ನಿನ್ ಕೈಲೇ ಇತ್ತಲ್ಲಮ್ಮಾ" ಎಂದು ಅಜ್ಜಿ ಅಕ್ಕನ ಮುಖ ನೋಡಿದರು.

"ನಾನು ಇಟ್ಟಿಲ್ಲ ಅಜ್ಜಿ, ನನಗೊತ್ತಿಲ್ಲ."

ಗಲಾಟೆ ಕೇಳಿ ಬಂದ ಅಪ್ಪ, "ಮಾಡಿದ್ದಲ್ದೆ ಸುಳ್ಳು ಬೇರೆ ಹೇಳ್ತೀಯಾ?" ಎಂದು ಅವಳ ಕೆನ್ನೆಗೆ ಒಂದು ಬಿಟ್ಟರು. ಅಕ್ಕ ಎಂದೂ ಸುಳ್ಳು ಹೇಳುವವಳಲ್ಲ. ಅದು ನನಗೆ ಗೊತ್ತಿತ್ತು. ನಾನು ಅಜ್ಜಿಯ ಚಾಪೆಯ ಅಂಚಿನ ನೂಲು ಕೀಳುತ್ತ ಕೂತಿದ್ದೆ. ನಾನೇ ಅನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ.

ಆ ಔಷಧಿ ನಮ್ಮೂರಿನಲ್ಲಿ ಸಿಗುತ್ತಿರಲಿಲ್ಲ. ಅಪ್ಪ ಫ್ಲಾಸ್ಕ್ ಹಿಡಿದು ಕೋಲಾರದ ಬಸ್ಸು ಹತ್ತಿದರು. ಚುಚ್ಚಿಕೊಳ್ಳದೆ ಊಟ ಮಾಡುವಂತಿರಲಿಲ್ಲವಾದ್ದರಿಂದ, ಅವರು ಬರುವವರೆಗೂ ಅಜ್ಜಿ ಮುದ್ದೆಯ ತಟ್ಟೆ ಮುಚ್ಚಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ಬಸ್ಸಿನ ಸದ್ದಾದಾಗಲೆಲ್ಲ ಕತ್ತು ಎತ್ತುತ್ತಿದ್ದರು.

ನಮ್ಮ ಲೋಟಗಳನ್ನು ಅಜ್ಜಿಯೇ ತಂದುಕೊಟ್ಟಿದ್ದರು. ಅಕ್ಕ ತನ್ನದನ್ನು ನನ್ನ ಕಡೆಗೆ ತಳ್ಳಿ, "ನನಗ್ ಬೇಡ, ನೀನೇ ತಿನ್ನು" ಎಂದಳು. ಹೇಳಲು ನಾಚಿಕೆಯಾಗುತ್ತದೆ ಮಕ್ಕಳೇ, ನಾನು ಎರಡನ್ನೂ ತಿಂದೆ. ಅಂಗೈಗಳ ನಡುವೆ ಲೋಟ ಉರುಳಿಸಿ, ಕಡ್ಡಿ ಹಿಡಿದೆಳೆದು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದ ಮಾವನ್ನು ಕೊನೆಯ ಹನಿಯವರೆಗೂ ಚೀಪಿದೆ. ಅದರ ರುಚಿ ಚೆನ್ನಾಗಿತ್ತು ಎನ್ನುವುದೇ ನನಗೆ ಇವತ್ತಿಗೂ ಚುಚ್ಚುವುದು.

ಈಗ ನಿಮ್ಮ ಫ್ರಿಜ್ಜಿಗೆ ಬೀಗವಿಲ್ಲ. ಐಸ್‌ಕ್ಯಾಂಡಿಗೆ ಬಣ್ಣಬಣ್ಣದ ಅಚ್ಚುಗಳಿವೆ, ಕಡ್ಡಿ ತಾನೇ ನೆಟ್ಟಗೆ ನಿಲ್ಲುತ್ತದೆ. ಅಜ್ಜಿಯ ಕಾಯಿಲೆ ಈಗ ನನಗೂ ಬಂದಿದೆ, ನನ್ನ ಔಷಧಿಯೂ ಆ ಫ್ರಿಜ್ಜಿನೊಳಗೇ ಇರುತ್ತದೆ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಓಡಿಬಂದು, "ತಾತ, ಅಚ್ಚಿಗೆ ಹಾಕೋ ಜ್ಯೂಸ್ ತೆಗೆಯೋಕೆ ಅಂತ ನಿಮ್ಮ ಔಷಧಿ ಹೊರಗಿಟ್ಟು ಮರೆತ್ಬಿಟ್ಟೆ. ನಾನೇ ಇಟ್ಟಿದ್ದು" ಎಂದಳಲ್ಲ? ಇಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ಬಾಟಲಿ ಇನ್ನೂ ತಣ್ಣಗಿತ್ತು. ಅವಳನ್ನು ಹತ್ತಿರ ಕೂರಿಸಿಕೊಂಡೆ.

ಆಮೇಲೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಅವಳು ಬೈಯುತ್ತಾಳೆ, ಇಲ್ಲವೇ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ.

"ಅಜ್ಜಿ ಇರೋವರ್ಗೂ ಮತ್ತೆ ಒಂದ್ಸಲಾನೂ ನನ್ ಕೈಗೆ ಆ ಬೀಗದ ಕೈ ಕೊಡ್ಲಿಲ್ಲ ಕಣೋ" ಎಂದಳು.