ನಿಂತಲ್ಲೇ ಇಳಿಯುವ ಬ್ಯಾಟರಿ

ನಮ್ಮ ಹಳೆಯ ಕಾರು ಆ ವಾರ ಎರಡು ಸಲ ಬೆಳಗ್ಗೆಯೇ ಕೈಕೊಟ್ಟಿತು. ಎರಡು ಸಲವೂ ಅದು ಅತ್ತೆಯವರನ್ನು ತಾವರಗೇರಾದಿಂದ ಕೊಪ್ಪಳಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯುವ ದಿನ. ಒಮ್ಮೆ ದೂಡಿ ಶುರು ಮಾಡಿದೆವು. ಇನ್ನೊಮ್ಮೆ ಬಸ್ಸಿನಲ್ಲಿ ಹೋದೆವು. ಬರುವಾಗ ಅತ್ತೆ ಕಿಟಕಿಯ ಸರಳಿಗೆ ಹಣೆ ಆನಿಸಿಕೊಂಡೇ ಬಂದರು. ಮನೆ ಮುಟ್ಟಿದವರೇ ಅಂದರು: "ಸಾಕವಾ. ಇನ್ನ ನಾ ಹೋಗಾಂಗಿಲ್ಲ. ನನ್ನ ಸಲುವಾಗಿ ಎಲ್ಲಾರೂ ಎಷ್ಟಂತ ಒದ್ದಾಡೋದು?" ಡಯಾಲಿಸಿಸ್ ಬಿಟ್ಟರೆ ಏನಾಗುತ್ತದೆಂದು ನಮಗೂ ಗೊತ್ತಿತ್ತು, ಅವರಿಗೂ.

ಬ್ಯಾಟರಿ ಹೊಸದೇ. ಆದರೂ ಕಾರು ಎರಡು ದಿನ ನಿಂತರೆ ಬರಿದಾಗುತ್ತಿತ್ತು. ಮತ್ತೆ ಕೊಪ್ಪಳಕ್ಕೆ ಹೋಗಲು ಒಂದೇ ದಿನ ಉಳಿದಿತ್ತು. ಚಾರ್ಜ್ ಮಾಡಿಸಿ ತಂದ ಬ್ಯಾಟರಿಯನ್ನು ಯಜಮಾನರು ಮಧ್ಯಾಹ್ನ ಕೂರಿಸಿ, ಅದರ ಒಂದು ವೈರಿನ ನಡುವೆ ಸಣ್ಣ ಬಲ್ಬು ಸಿಕ್ಕಿಸಿದರು. ಚಾವಿ ತೆಗೆದ ಮೇಲೂ ಅದು ಉರಿದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದರ್ಥ. ಉರಿಯಿತು.

"ಕಾನ್ವೆಂಟ್ ಸಾಲಿ ಕಲ್ತಾಕಿ ಅಲ್ಲ, ಇದನ್ನರ ಓದು," ಎಂದು ಫ್ಯೂಸ್ ಡಬ್ಬಿಯ ಮುಚ್ಚಳ ನನ್ನ ಕೈಗಿಟ್ಟರು. ಸವೆದ ಅಕ್ಷರಗಳನ್ನು ಸೆರಗಿನಿಂದ ಒರೆಸಿ ಓದುತ್ತ ಹೋದೆ. ಅವರು ಒಂದೊಂದೇ ಫ್ಯೂಸ್ ಕಿತ್ತು ಮತ್ತೆ ಹಾಕಿದರು. ಹಾರ್ನ್, ವೈಪರ್, ಹೆಡ್‌ಲೈಟ್. ಒಳದೀಪದ ಫ್ಯೂಸ್ ಕಿತ್ತಾಗ ಬಲ್ಬು ಆರಿತು.

"ಬಾಗಿಲಾ ತೆರದ ಕುಂತೀರಿ. ಒಳಗಿನ ಲೈಟ್ ಹತ್ತೇ ಹತ್ತತೈತಿ ಅಲ್ರಿ," ಎಂದೆ.

"ಇದನ್ನ ಮೊದ್ಲ ಹೇಳಾಕ ಏನಾಗಿತ್ತು?"

"ಓದು ಅಂದ್ರಿ. ಓದಿದೆ."

ಫ್ಯೂಸ್ ಹಾಕಿ, ಅವರು ಕೂತಿದ್ದ ಕಡೆಯ ಬಾಗಿಲು ಮುಚ್ಚಿದೆವು. ಬಲ್ಬು ಉರಿಯುತ್ತಲೇ ಇತ್ತು. ಮೊದಲಿಂದ ಹುಡುಕುವ ತ್ರಾಣ ಇಬ್ಬರಲ್ಲೂ ಉಳಿದಿರಲಿಲ್ಲ. ಸುಮ್ಮನೆ ಕಾರಿನ ಸುತ್ತ ನಡೆದೆ. ಹಿಂದಿನ ಎಡ ಬಾಗಿಲಿನ ಅಂಚು ಬೆಂಕಿಕಡ್ಡಿಯ ದಪ್ಪದಷ್ಟು ಹೊರಗಿತ್ತು; ಸಂದಿಯ ರಬ್ಬರಿನ ಮೇಲೆ ಧೂಳು ಕೂತಿತ್ತು. ಸೊಂಟದಿಂದ ನೂಕಿದೆ. ಟಕ್ ಎಂದಿತು, ಬಲ್ಬು ಆರಿತು. ರಾತ್ರಿಯೆಲ್ಲ ಒಳದೀಪ ಉರಿದರೂ ಮೇಲೆ ಹೊದಿಸಿದ ದಪ್ಪ ಕವರಿನಿಂದಾಗಿ ನಮಗೆ ಕಂಡಿರಲಿಲ್ಲ.

ಅದು ಅತ್ತೆ ಕೂರುವ ಕಡೆ. ಇಳಿದ ಮೇಲೆ, ಸೂಜಿ ಚುಚ್ಚಿಸಿಕೊಂಡ ಎಡಗೈಯನ್ನು ಎದೆಗೆ ಹಿಡಿದು, ಬಲಗೈಯಿಂದ ಬಾಗಿಲನ್ನು ಮೆಲ್ಲಗೆ ದೂಡಿ ಮುಚ್ಚುತ್ತಿದ್ದರು. ನಾವು ಮುಂದಾದರೆ, "ಇಷ್ಟರ ನನಗ ಬಿಡ್ರಿ" ಅನ್ನುತ್ತಿದ್ದರು.

ಮನೆ ಮುಂದಿನ ಕಟ್ಟೆಯ ಮೇಲಿಂದ ಅತ್ತೆಯೇ ಮಗನನ್ನು ಕೇಳಿದರು, "ಏನಾಗಿತ್ತು ತಮ್ಮಾ?"

ಯಜಮಾನರು ಬಾಯಿ ತೆರೆಯುವ ಮುಂಚೆ ನಾನೇ ಹೇಳಿಬಿಟ್ಟೆ, "ಒಂದು ವೈರ್ ಸಡ್ಲ ಆಗಿತ್ರಿ ಅತ್ತಿ. ಈಗ ಛಲೋ ಆತು."

ಅವರು ಕಾರನ್ನೊಮ್ಮೆ ನೋಡಿದರು. ನಂಬಿದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಹಂಗಾರ ನನ್ನ ಸ್ವೆಟರ್ ಒಣಗೈತೇನ ನೋಡವಾ. ಆ ದವಾಖಾನ್ಯಾಗ ಎಸಿ ಭಾಳ ತಂಪು."

ಒಣಗಿರಲಿಲ್ಲ. ಒಳಗೆ ಒಯ್ದು ಫ್ಯಾನಿನ ಕೆಳಗೆ ಹರವಿದೆ. ಅದರ ಪಕ್ಕದಲ್ಲೇ ನೆಲದ ಮೇಲೆ ನಾನೂ ಮಲಗಿಬಿಟ್ಟೆ.